‘ಒಳ್ಳೆಯ ಬಿಯರ್ ಯಾವುದು?’ ಎಂದು ಕೇಳುವ ಎಲ್ಲರಿಗೂ

ಪುಣೆಗೆ ಬರುವ ನೆಂಟರು, ಕಚೇರಿಯ ಗೆಳೆಯರು, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇಲ್ಲಿ ಒಳ್ಳೆಯ ಬಿಯರ್ ಯಾವುದು, ಹೇಳಿ.’ ಹನ್ನೊಂದು ವರ್ಷಗಳಿಂದ ಈ ಊರಿನಲ್ಲಿದ್ದು, ಇಲ್ಲಿನ ಮೈಕ್ರೋಬ್ರೂವರಿಗಳ, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರು ಮಾಡುವವರ, ಬಿಯರನ್ನು ವಾರಕ್ಕೊಂದು ಸಂಜೆ, ಒಂದು ಅಥವಾ ಎರಡು ಗ್ಲಾಸಿನಷ್ಟು, ಗಮನವಿಟ್ಟು ಕುಡಿಯುತ್ತ ಬಂದಿದ್ದೇನೆ ಎಂಬುದು ಹೇಗೋ ಎಲ್ಲರಿಗೂ ಗೊತ್ತಾಗಿದೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸುತ್ತೇನೆ. ಇಪ್ಪತ್ತೊಂದು ತುಂಬದವರು ಇಲ್ಲಿಗೇ ನಿಲ್ಲಿಸಬಹುದು. ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯುವುದಕ್ಕೆ 21 ವರ್ಷವಾಗಿರಬೇಕು, ಜೊತೆಗೆ 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಪರ್ಮಿಟ್ಟೂ ಇರಬೇಕು.

ಪ್ರಶ್ನೆಯಿಂದ ನನಗೆ ಬೇಸರವಿಲ್ಲ, ಅದರ ಬಾಲದಿಂದ ಬೇಸರ. ‘ಒಳ್ಳೆಯದು’ ಎಂದವರು ಉಸಿರು ಬಿಡದೆ ಮೂರು ಷರತ್ತು ಸೇರಿಸುತ್ತಾರೆ: ಕಹಿ ಇರಬಾರದು, ಐಸಿನಷ್ಟು ತಣ್ಣಗಿರಬೇಕು, ಚೆನ್ನಾಗಿ ಏರಬೇಕು. ಬಿಯರಿನ ಕಹಿ ಹಾಪ್ ಹೂವಿನಿಂದ ಬರುತ್ತದೆ; ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯದ, ಸಿಹಿಯನ್ನು ಹದದಲ್ಲಿಡುವುದು ಆ ಕಹಿಯೇ, ಬಿಯರು ಬೇಗ ಕೆಡದಂತೆ ಕಾಯುವುದೂ ಅದೇ. ಕಹಿಯೇ ಬೇಡ ಎನ್ನುವುದು ಹಾಗಲಕಾಯಿ ಗೊಜ್ಜು ಬೇಕು, ಹಾಗಲಕಾಯಿ ಬೇಡ ಎಂದಂತೆ. ತೀರ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಪರಿಮಳ ಮೇಲೇಳುವುದಿಲ್ಲ, ಆಗ ಯಾವ ಬಿಯರಾದರೂ ಒಂದೇ. ಇನ್ನು ಏರುವುದೇ ಮುಖ್ಯವಾದರೆ ನನ್ನನ್ನು ಕೇಳುವ ಅಗತ್ಯವೇ ಇಲ್ಲ. ನಮ್ಮ ದೇಶದ ನಿಯಮದಂತೆ ಶೇಕಡಾ 5ಕ್ಕಿಂತ ಹೆಚ್ಚು, 8ರವರೆಗೆ ಆಲ್ಕೋಹಾಲ್ ಇರುವ ಬಿಯರನ್ನು ಸ್ಟ್ರಾಂಗ್ ಎನ್ನುತ್ತಾರೆ, ಅದನ್ನು ಬಾಟಲಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ, ಓದಿಕೊಂಡರೆ ಸಾಕು.

ಈ ಮೂರೂ ಷರತ್ತುಗಳನ್ನು ಹೊತ್ತು ಬಂದವರಲ್ಲಿ ನನ್ನ ಭಾವನೂ ಒಬ್ಬರು. ಅಕ್ಕನ ಗಂಡ, ಉಡುಪಿ ಕಡೆಯವರು, ಮುಂಬೈಯ ಮಾಟುಂಗದಲ್ಲಿ ಮೂವತ್ತು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದಾರೆ. ಎರಡು ವರ್ಷದ ಹಿಂದೆ ಮದುವೆಯೊಂದಕ್ಕೆ ಪುಣೆಗೆ ಬಂದಾಗ ಅವರನ್ನು ಮುಂಢ್ವಾ ಕಡೆಯ ಒಂದು ಬ್ರೂವರಿಗೆ ಕರೆದುಕೊಂಡು ಹೋದೆ. ಕುಳಿತ ಕೂಡಲೇ ವೇಟರನಿಗೆ ‘ಸ್ಟ್ರಾಂಗ್ ಯಾವುದುಂಟು, ಅದನ್ನು ತಾ’ ಎಂದರು. ನಾನು ತಡೆದು, ಅವರಿಗೆ ಗೋಧಿ ಮತ್ತು ಬಾರ್ಲಿಯಿಂದ ಮಾಡಿದ, ಪುನರ್ಪುಳಿ (ಕೋಕಂ) ಮತ್ತು ಉಪ್ಪು ಹಾಕಿದ ಒಂದು ಹುಳಿ ಬಿಯರನ್ನು ತರಿಸಿದೆ. ತಿಳಿಗುಲಾಬಿ ಬಣ್ಣ, ಮೇಲೆ ಬೇಗ ಇಳಿದುಹೋಗುವ ಬಿಳಿ ನೊರೆ. ಭಾವ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು, ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದು ಮೇಜಿನ ಮೇಲಿಟ್ಟರು.

‘ಎಂತ ಮಾರಾಯ ಇದು? ನಮ್ಮ ಪುನರ್ಪುಳಿ ಸಾರಿಗೆ ಗ್ಯಾಸ್ ಹಾಕಿದ ಹಾಗೆ ಉಂಟಲ್ಲ.’

ದೂರು ಶುರುವಾಯಿತು ಎಂದುಕೊಂಡೆ. ಭಾವ ಮಾತ್ರ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಕೇಳಿದರು: ‘ಈ ಹುಳಿ ಪುನರ್ಪುಳಿಯದ್ದು ಮಾತ್ರ ಅಲ್ಲ. ಹಿಟ್ಟು ಹುಳಿ ಬಂದ ಹುಳಿಯೂ ಉಂಟು. ಎಷ್ಟು ಹೊತ್ತು ಇಡುತ್ತಾರೆ? ಹಳೆಯದನ್ನು ಸ್ವಲ್ಪ ಉಳಿಸಿಕೊಂಡು ಹೊಸತಕ್ಕೆ ಸೇರಿಸುತ್ತಾರಾ?’

ಹನ್ನೊಂದು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಳಲಾರೆ. ದಿನವೂ ಬೆಳಗಿನ ಜಾವ ಎದ್ದು ದೋಸೆ ಹಿಟ್ಟಿನ ಮುಚ್ಚಳ ತೆಗೆದು ವಾಸನೆ ನೋಡುವ ಮನುಷ್ಯನ ಮೂಗು ಒಂದೇ ಗುಟುಕಿಗೆ ವಿಷಯವನ್ನು ಹಿಡಿದಿತ್ತು. ಬಿಯರು ಮಾಡುವ ಹುಡುಗನನ್ನು ಕರೆಸಿದೆ. ಅವನು ನಮ್ಮನ್ನು ಗಾಜಿನ ಗೋಡೆಯಾಚೆಗಿನ ತೊಟ್ಟಿಗಳ ಬಳಿಗೆ ಕರೆದೊಯ್ದು ತೋರಿಸಿದ. ಮಾಲ್ಟಿನ ಕಷಾಯವನ್ನು ಸುಮಾರು 40 ಡಿಗ್ರಿ ಬಿಸಿಯಲ್ಲಿಟ್ಟು, ಮೊಸರಿನಲ್ಲಿರುವ ಜಾತಿಯದೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ಹೆಪ್ಪು ಹಾಕಿದಂತೆ ಹಾಕಿ ಒಂದೆರಡು ದಿನ ಬಿಡುತ್ತಾರೆ; ಹುಳಿ ಹದಕ್ಕೆ ಬಂದ ಮೇಲೆ ಕುದಿಸಿ ಅದನ್ನು ಅಲ್ಲಿಗೇ ನಿಲ್ಲಿಸಿ, ಆಮೇಲೆ ಯೀಸ್ಟ್ ಹಾಕುತ್ತಾರೆ. ಹುದುಗಿದ ಮೇಲೆ ತೊಟ್ಟಿಯ ತಳಕ್ಕಿಳಿದ ಯೀಸ್ಟನ್ನು ತೆಗೆದು ಮುಂದಿನ ಸಲಕ್ಕೂ ಬಳಸುತ್ತಾರೆ, ಹಾಗೆ ಎಷ್ಟೋ ಸಲ ಬಳಸಿದ ಮೇಲೆ ಹೊಸದನ್ನು ತರುತ್ತಾರೆ. ಭಾವ ತಲೆಯಾಡಿಸುತ್ತ ಕೇಳಿದರು. ಮಳೆಗಾಲದ ಚಳಿಯಲ್ಲಿ ಹಿಟ್ಟು ಉಬ್ಬದೆ ಇದ್ದಾಗ ತಾವು ಪಾತ್ರೆಯನ್ನು ಬಾಯ್ಲರಿನ ಪಕ್ಕ ಇಡುವುದನ್ನು ಅವನಿಗೆ ಹೇಳಿದರು. ಇಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿಯಲ್ಲಿ ಮುಕ್ಕಾಲು ಗಂಟೆ ಮಾತಾಯಿತು. ಸ್ಟ್ರಾಂಗ್ ಬಿಯರಿನ ಮಾತು ಮತ್ತೆ ಬರಲಿಲ್ಲ.

ಉಪ್ಪು ಹಾಕಿದ ಹುಳಿ ಬಿಯರು ಪುಣೆಯವರ ಹುಚ್ಚಾಟ ಎಂದು ತಿಳಿದವರಿಗೆ ಒಂದು ಮಾತು. ಜರ್ಮನಿಯ ಗೋಸ್ಲಾರ್ ಊರಿನಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ಬೆಳೆದ ‘ಗೋಸೆ’ ಎಂಬ ಬಿಯರಿಗೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುವುದು ಬಹಳ ಹಳೆಯ ಪದ್ಧತಿ. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ಬಿಯರಿಗಂತೂ ಯಾರೂ ಯೀಸ್ಟ್ ಹಾಕುವುದೇ ಇಲ್ಲ. ಕಷಾಯವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟರೆ ಗಾಳಿಯಲ್ಲಿ ಇರುವುದೇ ಬಂದು ಸೇರಿಕೊಳ್ಳುತ್ತದೆ. ನಮ್ಮ ಇಡ್ಲಿ ಹಿಟ್ಟಿಗೂ ಯಾರೂ ಯೀಸ್ಟ್ ಹಾಕುವುದಿಲ್ಲ; ಅಲ್ಲಿ ಹುದುಗಿಸುವುದು ಮುಖ್ಯವಾಗಿ ಉದ್ದು, ಅಕ್ಕಿಯಲ್ಲೇ ಇರುವ ಸೂಕ್ಷ್ಮಜೀವಿಗಳು. ಆ ಲ್ಯಾಂಬಿಕ್ಕನ್ನು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು, ಒಂದು, ಎರಡು, ಮೂರು ವರ್ಷದವನ್ನು ಬೆರೆಸಿದರೆ ಅದು ‘ಗೋಜ್’ ಆಗುತ್ತದೆ.

ಭಾವನ ಪ್ರಶ್ನೆಯಿಂದಲೇ ನನಗೂ ಒಂದು ವಿಷಯ ಸ್ಪಷ್ಟವಾಯಿತು. ‘ಯಾವುದು ಒಳ್ಳೆಯದು’ ಎಂಬುದರ ಬದಲು ‘ಇದು ಯಾವಾಗ ಮಾಡಿದ್ದು’ ಎಂದು ನನ್ನನ್ನೂ, ವೇಟರನನ್ನೂ, ಅಂಗಡಿಯವನನ್ನೂ ಕೇಳಬೇಕೆಂದು ನನ್ನ ಆಸೆ. ಮೀನಿನವಳ ಬುಟ್ಟಿಯ ಮುಂದೆ ನಿಂತು ‘ಇದು ಇವತ್ತಿನದ್ದಾ?’ ಎಂದು ಕೇಳದೆ ನಮ್ಮಮ್ಮ ಒಂದು ಬಂಗುಡೆಯನ್ನೂ ಕೊಂಡವಳಲ್ಲ. ಚಟ್ನಿಯನ್ನು ಮೂಸಿ ನೋಡಿ ತಟ್ಟೆ ಹಿಂದಕ್ಕೆ ಕಳುಹಿಸುವ ನಾವು, ಮುನ್ನೂರು ನಾನೂರು ರೂಪಾಯಿ ಕೊಟ್ಟು ಕುಡಿಯುವ ಬಿಯರಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಬಿಯರಿಗೂ ತಾಜಾತನ ಮುಖ್ಯ ಎಂಬುದನ್ನು ನಾನು ಮೊದಲು ಕಂಡದ್ದು ಇಂಗ್ಲೆಂಡಿನಲ್ಲಿ. ಕೆಲಸದ ಮೇಲೆ ಮೂರು ತಿಂಗಳು ಯಾರ್ಕ್‌ಶೈರ್‌ನಲ್ಲಿದ್ದಾಗ, ಮನೆಯ ಹತ್ತಿರದ ಪಬ್ಬಿನ ಯಜಮಾನ ನನ್ನ ಆಸಕ್ತಿ ನೋಡಿ ಕೆಳಗಿನ ನೆಲಮಾಳಿಗೆಗೆ ಕರೆದೊಯ್ದಿದ್ದ. ಅಲ್ಲಿ ‘ರಿಯಲ್ ಏಲ್’ ಎಂದು ಕರೆಯುವುದು ಬಡಿಸುವ ಪೀಪಾಯಿಯೊಳಗೇ ಎರಡನೆಯ ಸಲ ಹುದುಗುವ, ಸೋಸದ, ಪಾಶ್ಚರೀಕರಿಸದ, ಹೊರಗಿನಿಂದ ಗ್ಯಾಸ್ ತುಂಬದ ಬಿಯರನ್ನು. ದೊಡ್ಡ ಕಂಪನಿಗಳ ಗ್ಯಾಸು ತುಂಬಿದ ಬಿಯರಿನ ಎದುರು ಇದು ಅಳಿದುಹೋಗಬಾರದೆಂದು 1971ರಲ್ಲಿ ನಾಲ್ಕು ಜನ ಗೆಳೆಯರು ಸೇರಿ ಕಟ್ಟಿದ ಸಂಘವೇ ‘ಕ್ಯಾಮ್ರಾ’. ನೆಲಮಾಳಿಗೆಯಲ್ಲಿ ಅಡ್ಡಲಾಗಿ ಮಲಗಿಸಿದ್ದ ಪೀಪಾಯಿಯ ನೆತ್ತಿಗೆ ಮರದ ಒಂದು ಸಣ್ಣ ಬೆಣೆ ಹೊಡೆದಿದ್ದರು, ಅದರ ಸುತ್ತ ನೊರೆ ಗುಳುಗುಳು ಉಕ್ಕುತ್ತಿತ್ತು. ಯಜಮಾನ ಅದನ್ನು ಬೆರಳಿನಿಂದ ಒರೆಸಿ, ಮತ್ತೆ ಎಷ್ಟು ಬೇಗ ಉಕ್ಕುತ್ತದೆ ಎಂದು ನಿಂತು ನೋಡಿದ. ಉಕ್ಕುವುದು ನಿಧಾನವಾದ ಮೇಲೆ ಗ್ಯಾಸನ್ನು ಹೊರಬಿಡುವ ಆ ಮೆತ್ತಗಿನ ಬೆಣೆ ತೆಗೆದು, ಗ್ಯಾಸನ್ನು ತಡೆಯುವ ಗಟ್ಟಿ ಬೆಣೆ ಹೊಡೆಯಬೇಕು, ಆಮೇಲೆ ತಿಳಿಯಾಗುವವರೆಗೆ ಕಾಯಬೇಕು. ತೆರೆದ ನಂತರ ಒಳಗೆ ಗಾಳಿ ಸೇರುವುದರಿಂದ 41 ಲೀಟರಿನ ಆ ಪೀಪಾಯಿ ಮೂರು ದಿನಗಳಲ್ಲಿ ಖಾಲಿಯಾಗಬೇಕು. 11ರಿಂದ 13 ಡಿಗ್ರಿಯ ತಂಪಿನಲ್ಲಿ, ಕೈಪಂಪಿನಿಂದ ಎಳೆದು ಕೊಟ್ಟ ಆ ಗ್ಲಾಸು ಟಿಮೊತಿ ಟೇಲರ್‌ನವರ ‘ಲ್ಯಾಂಡ್‌ಲಾರ್ಡ್’. ಕ್ಯಾಮ್ರಾದ ಬ್ರಿಟನ್ ಚಾಂಪಿಯನ್ ಪ್ರಶಸ್ತಿಯನ್ನು 4 ಸಲ ಪಡೆದ ಏಲ್ ಅದು. ಆಲ್ಕೋಹಾಲ್ ಶೇಕಡಾ 4ರ ಆಸುಪಾಸು ಮಾತ್ರ. ಬಿಸ್ಕತ್ತಿನಂಥ ಮಾಲ್ಟಿನ ರುಚಿ, ಕಿತ್ತಳೆ ಸಿಪ್ಪೆಯಂಥ ಪರಿಮಳ, ಕೊನೆಯಲ್ಲಿ ನಾಲಿಗೆಯ ಬುಡಕ್ಕೆ ಹತ್ತುವ ಕಹಿ. ಅಲ್ಲಿಗೆ ಹೋಗುವವರಿಗೆ ನನ್ನ ಮೊದಲ ಶಿಫಾರಸು ಅದೇ. ಸಸ್ಯಾಹಾರಿಗಳು ಮಾತ್ರ ಒಂದು ಮಾತು ವಿಚಾರಿಸಿ ಕುಡಿಯಿರಿ: ಪೀಪಾಯಿಯ ಏಲನ್ನು ತಿಳಿಗೊಳಿಸುವುದಕ್ಕೆ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುವ ರೂಢಿ ಅಲ್ಲಿದೆ. ಇದನ್ನು ಯಾರೂ ತಮಗೆ ಮೊದಲೇ ಹೇಳಿರಲಿಲ್ಲ ಎಂದು ಜೈನ ಸಹೋದ್ಯೋಗಿಯೊಬ್ಬರು ನೊಂದುಕೊಂಡಿದ್ದರು.

ಹಾಗೆಂದು ಹೊಸದೆಲ್ಲ ಒಳ್ಳೆಯದು, ಹಳೆಯದೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ. ಗೋಜ್ ಬಾಟಲಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನೋಡಿ ಇದು ನಮ್ಮ ದೇಶದ್ದೇ ಎಂದು ಕೇಳುವವರಿದ್ದಾರೆ. ಲಂಡನ್ನಿನ ಹಾಡ್ಜ್‌ಸನ್, ಅವರ ನಂತರ ಬರ್ಟನ್ ಊರಿನವರು ಮಾಡಿ, ಮುಂಬೈ, ಕಲ್ಕತ್ತೆಗಳಲ್ಲಿದ್ದ ಬ್ರಿಟಿಷರಿಗಾಗಿ ಹಡಗಿನಲ್ಲಿ ಕಳುಹಿಸುತ್ತಿದ್ದ ಬಿಯರು ಅದು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇದ್ದರೂ ಕೆಡದೆ, ಹದಗೊಂಡು ಬರಲೆಂದು ಅದಕ್ಕೆ ಹಾಪ್ ಹೆಚ್ಚು ಹಾಕುತ್ತಿದ್ದರು. ಈಗ ಅದೇ ಹೆಸರಿನಲ್ಲಿ ಸಿಗುವುದರ ಜೀವ ಹಾಪಿನ ಪರಿಮಳದಲ್ಲಿದೆ, ಅದು ವಾರಗಳಲ್ಲೇ ಮಸುಕಾಗುತ್ತದೆ. ಆದ್ದರಿಂದ ಕ್ಯಾನಿನ ತಳದಲ್ಲಿರುವ ತಾರೀಖನ್ನು ಓದಿಯೇ ಕೊಳ್ಳಿ.

ಕಳೆದ ಬೇಸಿಗೆಯಲ್ಲಿ ಹೆಸರು ಹೇಳಲಿಚ್ಛಿಸದ ಒಂದು ಕಡೆ ನನಗೆ ಕೊಟ್ಟ ಗ್ಲಾಸಿನಿಂದ ಬೆಣ್ಣೆ ಕಾಸಿದ ವಾಸನೆ ಬಂತು. ಯೀಸ್ಟು ತನ್ನ ಕೆಲಸ ಮುಗಿಸುವ ಮೊದಲೇ ಆತುರದಿಂದ ಬಿಯರನ್ನು ತೆಗೆದರೆ, ಇಲ್ಲವೇ ನಲ್ಲಿಯ ಕೊಳವೆಗಳನ್ನು ತೊಳೆಯದೆ ಬಿಟ್ಟರೆ ಬರುವ ದೋಷ ಅದು. ಹೇಳಿದರೆ, ‘ಇದರ ಸ್ಟೈಲೇ ಹಾಗೆ, ಸರ್’ ಎಂದರು. ಅದು ಸ್ಟೈಲಲ್ಲ. ಎರಡು ಸಲ ಹೇಳಿದ ಮೇಲೆ ಬದಲಿಸಿ ಕೊಟ್ಟರು. ಬಿಸಿಲಿಗೆ ಒಡ್ಡಿದ ಹಸಿರು ಬಾಟಲಿಯ ಬಿಯರಿನಲ್ಲಿ ಬರುವ ನಾತವೂ ಹಾಗೆಯೇ. ಬೆಳಕು ತಾಗಿ ಹಾಪಿನ ಕಹಿ ಒಡೆಯುವುದರಿಂದ ಅದು ಹುಟ್ಟುತ್ತದೆ. ಆದರೆ ಜರ್ಮನ್ ಶೈಲಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬಂದರೆ ಗಾಬರಿಯಾಗಬೇಡಿ, ಯಾರೂ ಅದಕ್ಕೆ ಎಸೆನ್ಸ್ ಹಾಕಿಲ್ಲ. ಅವೆರಡೂ ಆ ಯೀಸ್ಟಿನ ಕೊಡುಗೆ.

ಇಷ್ಟು ಓದಿದವರಿಗೆ ಹೆಸರುಗಳನ್ನೂ ಹೇಳುತ್ತೇನೆ. 2009ರಲ್ಲಿ ಪುಣೆಯಲ್ಲಿ ಶುರುವಾದ ಡೂಲಾಲಿ ಮಹಾರಾಷ್ಟ್ರದ ಮೊದಲ ಮೈಕ್ರೋಬ್ರೂವರಿ, ಮುಂಬೈಯಲ್ಲಿಯೂ ಅವರ ಬಿಯರು ಸಿಗುತ್ತದೆ. ಕಹಿ ಬೇಡವೇ ಬೇಡ ಎನ್ನುವವರನ್ನು ನಾನು ಅವರ ಸೈಡರಿನಿಂದ, ಅಂದರೆ ಸೇಬಿನ ರಸ ಹುದುಗಿಸಿದ ಪಾನೀಯದಿಂದ, ಶುರು ಮಾಡಿಸುತ್ತೇನೆ. ಪುಣೆಯಲ್ಲಿ ಇಂಡಿಪೆಂಡೆನ್ಸ್, ಎಫಿಂಗಟ್, ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಇವೆ. ಹಣ್ಣು, ಹುಳಿ, ಮಸಾಲೆಗಳ ಪ್ರಯೋಗ ಬೇಕೆನ್ನುವವರು ಕೊನೆಯದನ್ನು ಹುಡುಕಿ. ಮುಂಬೈಯವರಿಗೆ ಗೇಟ್‌ವೇಯ ‘ವೈಟ್ ಝೆನ್’ ಎಂಬ ಗೋಧಿ ಬಿಯರು ಸುಲಭದ ಬಾಗಿಲು. ಬಿಯರಿನಿಂದ ಒಂದು ಹೆಜ್ಜೆ ಆಚೆ ಇಡಲು ಸಿದ್ಧರಿದ್ದರೆ, ಜೇನನ್ನು ಹುದುಗಿಸಿ ಮಾಡುವ ಮೀಡ್ ಪುಣೆಯ ಮೂನ್‌ಶೈನ್‌ನವರಲ್ಲಿ ಸಿಗುತ್ತದೆ. ಗೋವಾಕ್ಕೆ ಹೋಗುವವರಿಗೆ ಮಾತ್ರ ಬಿಯರಿಗಿಂತ ಮೊದಲು ಉರಾಕ್ ಹೇಳುತ್ತೇನೆ. ಗೇರುಹಣ್ಣಿನ ರಸದ ಮೊದಲ ಭಟ್ಟಿ ಅದು. ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಸಿಗುತ್ತದೆ, ಇಟ್ಟರೆ ಕೆಡುತ್ತದೆ.

ಇಲ್ಲಿನ ಬ್ರೂವರಿಗಳಲ್ಲಿ ಬಿಯರನ್ನು ಗ್ರೌಲರ್ ಎಂಬ ದೊಡ್ಡ ಬಾಟಲಿಯಲ್ಲಿ ತುಂಬಿಸಿ ಮನೆಗೂ ಕೊಡುತ್ತಾರೆ. ಅಂದು ಭಾವ ಹೊರಡುವಾಗ ಆ ಹುಳಿ ಬಿಯರಿನದೇ ಒಂದು ಗ್ರೌಲರ್ ಕೊಟ್ಟು ಕಳುಹಿಸಿದೆ: ಕಾರಿನ ಹಿಂದಿನ ಗಾಜಿನ ಬಿಸಿಲಿಗೆ ಇಡಬೇಡಿ, ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ತೆರೆದ ದಿನವೇ ಮುಗಿಸಿ. ಅವರು ಅರ್ಧ ಕುಡಿದು ಅರ್ಧ ಉಳಿಸಿದರು. ಮೂರನೆಯ ದಿನ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಫೋನು ಮಾಡಿ, ಗ್ಯಾಸು ಹೋಗಿದೆ, ಪುನರ್ಪುಳಿಯ ವಾಸನೆ ಇಳಿದಿದೆ, ಹುಳಿ ಮಾತ್ರ ಹಾಗೆಯೇ ಉಂಟು ಎಂದು ಒಂದೊಂದಾಗಿ ವರದಿ ಒಪ್ಪಿಸಿದರು. ಮುಂದಿನ ಸಲ ಯಾವಾಗ ಹೊಸದಾಗಿ ಮಾಡುತ್ತಾರೆ ಎಂದು ವಿಚಾರಿಸಿ ಇಡು, ಆ ವಾರವೇ ಬರುತ್ತೇನೆ ಎಂದೂ ಹೇಳಿದರು.