ಒದ್ದೆ ಬ್ರಶ್ಶು, ನಡುಗುವ ಕೈ

"ಕೊಡಿ ದೊಡ್ಡಪ್ಪ, ನಾನೇ ಹಾಕ್ತೀನಿ."

ಮಂಗಳವಾರ ಸಂಜೆ ನಾನೇ ಆಡಿದ ಮಾತು ಇದು. ಇವತ್ತಿಗೂ ಕಿವಿ ಬಿಟ್ಟು ಹೋಗುತ್ತಿಲ್ಲ.

ಮೇಜಿನ ಮೇಲೆ ಮಿಗ್-21 ಇತ್ತು. 1/72 ಅಳತೆಯ ಮಾಡೆಲ್, ಒಂದು ಗೇಣು ಉದ್ದ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಈ ವಿಮಾನವನ್ನು ಬೀಳ್ಕೊಟ್ಟಾಗ ದೊಡ್ಡಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ. ವಾಯುಪಡೆಯಲ್ಲಿ ವಿಮಾನದ ಒಡಲನ್ನು ನೋಡಿಕೊಳ್ಳುವ ಏರ್‌ಫ್ರೇಮ್ ಫಿಟ್ಟರ್ ಆಗಿ ಆಯಸ್ಸಿನ ಅರ್ಧ ಅದರ ಹೊಟ್ಟೆಯಡಿಯಲ್ಲೇ ಕಳೆದವರು. ಅವರಿಗೋಸ್ಕರವೇ ಕಿಟ್ ತರಿಸಿದ್ದೆ.

ಬಣ್ಣ ಮುಗಿದು, ಮೇಲಿನ ಗ್ಲಾಸ್ ಕೋಟ್, ಅಂದರೆ ಹೊಳಪಿನ ಲೇಪ, ಒಣಗಿತ್ತು. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ, ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಕೇಸರಿ, ಬಿಳಿ, ಹಸಿರಿನ ಚಕ್ರಗಳು ಕೂತಿದ್ದವು. ಉಳಿದದ್ದು ಸಣ್ಣ ಸಣ್ಣ ಎಚ್ಚರಿಕೆಯ ಬರಹಗಳು. ಅಕ್ಕಿ ಕಾಳಿನಷ್ಟಿವೆ. ದೊಡ್ಡಪ್ಪ ಬಗ್ಗಿ ನೋಡಿದರು. "ಇವನ್ನ ಸ್ಟೆನ್ಸಿಲ್ ಇಟ್ಟು ನಾನೇ ಬರೆದಿದ್ದೀನಿ ಕಣೋ. ಒಂದು ಹಾಕ್ಲಾ?"

ಚಿಮಟ ಕೊಟ್ಟೆ. ಅದರ ತುದಿಯಲ್ಲಿ ಡೆಕಾಲ್ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗಿತು. ಮಡಚಿಕೊಂಡರೆ ಕತೆ ಮುಗಿಯಿತು ಅನ್ನಿಸಿ ಆ ಮಾತು ಆಡಿಬಿಟ್ಟೆ. "ತಗೋಪ್ಪಾ" ಎಂದರು. ಬಲಗೈಯನ್ನು ಎಡಗೈಯಿಂದ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.

ಎಷ್ಟು ಸಲ ನೆನೆದರೂ ಅದೇ ಕಾಣುತ್ತದೆ. ಮಡಿಲಲ್ಲಿ ಮುಚ್ಚಿಟ್ಟ ಕೈ.

ಅಣ್ಣ, ಅಂದರೆ ಅವರ ಮಗ, ಅವರ ಶರ್ಟಿನ ಗುಂಡಿ ತಾನೇ ಹಾಕುತ್ತಾನೆ. ತುಂಬಾ ಒಳ್ಳೆಯವನು, ಆದರೆ ಆತುರ ಜಾಸ್ತಿ. ಅತ್ತಿಗೆ ಅರ್ಧ ಲೋಟ ಕಾಫಿಯನ್ನಷ್ಟೇ ಕೊಡುತ್ತಾರೆ. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ ಅಂತ ಚೆಕ್ ವಾಪಸ್ ಕಳಿಸಿದರು. ಇವರೆಲ್ಲರ ಮೇಲೆ ನನಗೆ ಸಿಟ್ಟಿತ್ತು. ಮಂಗಳವಾರ ನಾನು ಮಾಡಿದ್ದೂ ಅದೇ ಅಲ್ವಾ?

ರಾತ್ರಿ ಹೊಳೆಯಿತು. ತಪ್ಪಿದ್ದು ಚಿಮಟದಲ್ಲಿ. ಡೆಕಾಲನ್ನು ಎತ್ತಲೇ ಬಾರದು. ಅದರ ಕೆಳಗಿನ ಕಾಗದವನ್ನು ರೆಕ್ಕೆಗೆ ತಾಗಿಸಿ, ಒದ್ದೆ ಬ್ರಶ್ಶಿನಿಂದ ಜಾರಿಸಬೇಕು. ಇದು ಗೊತ್ತಿದ್ದೂ ಅವರ ಕೈಗೆ ಚಿಮಟ ಕೊಟ್ಟಿದ್ದೆ.

ಗುರುವಾರ ಮತ್ತೆ ಕರೆದೆ. ಉಗುರುಬೆಚ್ಚಗಿನ ನೀರು, ಸೊನ್ನೆ ನಂಬರ್ ಬ್ರಶ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಡೆಕಾಲ್ ಕೂರಿಸುವ ಮೈಕ್ರೋ ಸೆಟ್ ಮತ್ತು ಅದನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವಗಳ ಬಾಟಲಿಗಳು. ನಾನು ಎರಡು ಹನಿ ಸೆಟ್ ಬಿಟ್ಟೆ, ವಿನಿಗರ್ ವಾಸನೆ ಬಂತು. ದೊಡ್ಡಪ್ಪ ಏನೂ ಕೇಳಲಿಲ್ಲ. ಶೆಲ್ಫಿನಿಂದ ಎರಡು ದಪ್ಪ ಪುಸ್ತಕ ಎಳೆದು ರೆಕ್ಕೆಯ ಪಕ್ಕ ಇಟ್ಟು, ಅದರ ಮೇಲೆ ಮಣಿಕಟ್ಟು ಊರಿದರು. "ಊರಿಕೊಂಡ್ರೆ ನಡುಕ ಮೊಣಕೈಯಲ್ಲೇ ಉಳಿಯುತ್ತೆ."

ಬ್ರಶ್ ತಾಗಿಸಿದರು. ಡೆಕಾಲ್ ಕಾಗದ ಬಿಟ್ಟು ನೀರಿನ ಮೇಲೆ ತೇಲಿತು. ಕೈ ನಡುಗುತ್ತಲೇ ಇತ್ತು. ಆದರೆ ಬ್ರಶ್ಶಿನ ಕೂದಲು ಎಷ್ಟು ಮೆತ್ತಗಿದೆ ಅಂದರೆ, ಆ ನಡುಕ ಡೆಕಾಲಿಗೆ ತಲುಪುವಷ್ಟರಲ್ಲಿ ಬರೀ ಒಂದು ಸವರುವಿಕೆ ಆಗಿರುತ್ತಿತ್ತು. ಒಂದು ಕೂದಲೆಳೆ ಎಡಕ್ಕೆ, ಇನ್ನೊಂದು ಚೂರು ಮೇಲಕ್ಕೆ. ಹತ್ತಿ ಕಡ್ಡಿಯನ್ನು ಒತ್ತದೆ ಸುಮ್ನೆ ಉರುಳಿಸಿದರು. ನೀರು ಇಳಿಯಿತು. ಅಕ್ಷರ ನೆಟ್ಟಗೆ ಕೂತಿತು.

ಮೇಲಿಂದ ಸಾಲ್ ಸವರಿದಾಗ ಡೆಕಾಲ್ ಸುಕ್ಕುಗಟ್ಟಿತು. "ಅಯ್ಯೋ, ಹಾಳಾಯ್ತಲ್ಲೋ!" ಎಂದರು. ಮುಟ್ಟಬೇಡಿ, ಬಿಟ್ಟುಬಿಡಿ ಎಂದೆ. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಸುಕ್ಕು ಹೋಗಿತ್ತು, ಬಣ್ಣದಲ್ಲೇ ಬರೆದ ಹಾಗೆ ತಗಡುಗಳು ಕೂಡುವ ಪ್ಯಾನೆಲ್ ಗೆರೆಯೊಳಗೆ ಇಳಿದಿತ್ತು. ಅವತ್ತು ಲೋಟ ತುಂಬಾ ಕೊಟ್ಟಿದ್ದೆ.

ಎಡ ರೆಕ್ಕೆ ಪೂರ್ತಿ ಅವರೇ ಮುಗಿಸಿದರು. ಭಾನುವಾರ ಮತ್ತೆ ಬರುತ್ತಾರಂತೆ. ಬಲ ರೆಕ್ಕೆಯ ಡೆಕಾಲ್‌ಗಳನ್ನು ನಾನು ಕತ್ತರಿಸಿಯೂ ಇಲ್ಲ.