ಜಾತ್ರೆ, ಬಿಸಿಲು ಮತ್ತು ನನ್ನ ಸಿ3

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದರೆ ಸಾಕು, ಅವ್ವ ನನ್ನ ಕೊಡೆ ಹುಡುಕಿಡುತ್ತಾಳೆ. ನನಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಕಲಬುರಗಿ ಬಿಸಿಲಿಗೂ ಅದಕ್ಕೂ ಆಗಿಬರುವುದಿಲ್ಲ.

ಎರಡು ವರ್ಷದ ಹಿಂದೆ ಜಾತ್ರೆಯಲ್ಲಿ ಮಧ್ಯಾಹ್ನವೆಲ್ಲ ಸುಮ್ನೆ ಸುತ್ತಾಡಿದ್ದೆ. ವಾರದೊಳಗೆ ಕೆನ್ನೆ ಕೆಂಪಾಯಿತು. ಬೆರಳ ಗೆಣ್ಣು ಊದಿ ರೊಟ್ಟಿ ಬಡಿಯಲು ಆಗಲಿಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ಬಿಸಿಲಿಗೆ ಚರ್ಮದ ಕೋಶಗಳು ಸಾಯುತ್ತವೆ, ಒಳಗಿನ ಡಿಎನ್‌ಎ ಹೊರಬೀಳುತ್ತದೆ. ನಮ್ಮಂಥವರಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಬಿ ಕೋಶಗಳು ಅದನ್ನೇ ಶತ್ರು ಅಂದುಕೊಂಡು ಆಂಟಿಬಾಡಿ (ಶತ್ರುವಿಗೆ ಅಂಟಿಕೊಳ್ಳುವ ಪ್ರೋಟೀನ್) ತಯಾರಿಸುತ್ತವೆ. ಮನೆಯವರನ್ನೇ ಕಚ್ಚುವ ನಾಯಿ, ಅಲ್ವಾ? ಈ ಜಗಳದಲ್ಲಿ ಸಿ3, ಸಿ4 ಎಂಬ ರಕ್ತದ ಪ್ರೋಟೀನುಗಳು ಖರ್ಚಾಗುತ್ತವೆ. ಆಂಟಿಬಾಡಿ ಏರಿ ಸಿ3 ಇಳಿದರೆ ಕಾಯಿಲೆ ಕೆರಳಬಹುದು. ಎಲ್ಲರಿಗೂ ಹಾಗೇ ಆಗುತ್ತದೆ ಅಂತಲ್ಲ. ಮೂತ್ರದಲ್ಲಿ ಪ್ರೋಟೀನ್ ಕಂಡರೆ ಕಿಡ್ನಿಯ ಚಿಂತೆ ಶುರು.

ಕೆರಳುವಾಗ ರಕ್ತದಲ್ಲಿ ಪ್ಲಾಸ್ಮಾಬ್ಲಾಸ್ಟ್ ಕೋಶಗಳೂ (ಬಿ ಕೋಶದಿಂದ ಹುಟ್ಟಿ ಆಂಟಿಬಾಡಿ ಸುರಿಸುವಂಥವು) ಜಾಸ್ತಿಯಾಗುತ್ತವಂತೆ. ಅವನ್ನು ಎಣಿಸುವುದು ಸಂಶೋಧಕರು. ನನ್ನ ರಿಪೋರ್ಟಿನಲ್ಲಿ ಆ ಸಾಲೇ ಇರುವುದಿಲ್ಲ.

ಲೂಪಸ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ದಿನಾ ನುಂಗುತ್ತೇನೆ, ಅದು ಕಣ್ಣಿಗೆ ತೊಂದರೆ ಮಾಡಬಹುದಾದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಈ ಸಲ ಜಾತ್ರೆಗೆ ಸಂಜೆ ಆರರ ಮೇಲೆ ಹೋದೆ. ಆದರೂ ಅವ್ವ ಕೊಡೆ ಕೊಟ್ಟೇ ಕಳಿಸಿದಳು.