ನವೆಂಬರ್ 21, 2023, ಮಂಗಳವಾರ: ಜೆಫರ್ಸನ್‌ನ ಕೊಟ್ಟುಬಿಡಲಾ?

ನಾಲ್ಕೂವರೆಗೆಲ್ಲ ಕತ್ತಲಾಯಿತು. ಮಿನೆಸೋಟಾದ ನವೆಂಬರ್ ಅಂದರೆ ಹೀಗೇ. ಆಫೀಸಿನ ವಿಷಯ ಬರೆಯುವುದಿಲ್ಲ, ಬರೆಯುವಂಥದ್ದು ಏನೂ ನಡೆದಿಲ್ಲ. ಸಂಜೆ ಡಲ್ಲಾಸ್‌ನಿಂದ ಭಾವ ಫೋನ್ ಮಾಡಿದ್ದರು. ಆಗಿನಿಂದ ತಲೆಯಲ್ಲಿ ಅದೊಂದೇ.

ಭಾನುವಾರದ ಏಟು ಇನ್ನೂ ಆರಿಲ್ಲ. ಬೆಳಗಿನ ಜಾವ ಎರಡೂವರೆಗೆ ಎದ್ದು ಕೂತು, ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ನಮ್ಮವರು 240ಕ್ಕೆ ಆಲೌಟ್ ಆಗಿದ್ದನ್ನು ನೋಡಿದೆ. ನಮ್ಮ ರಾಹುಲ್ 107 ಬಾಲಿಗೆ 66. ಬೈಯೋಣ ಅಂದರೆ ಬಾಯಿ ಬರಲ್ಲ, ಹೊಗಳೋಣ ಅಂದರೆ ಮನಸ್ಸು ಬರಲ್ಲ. ಆಮೇಲೆ ಆಸ್ಟ್ರೇಲಿಯಾದ ಹೆಡ್ 137 ಹೊಡೆದು ಕಥೆ ಮುಗಿಸಿದ. ರಾತ್ರಿ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡ ವೈಕಿಂಗ್ಸ್ ಆದರೂ ಗೆಲ್ಲಲಿ ಅಂತ ಕೂತರೆ ಡೆನ್ವರ್‌ನಲ್ಲಿ 21-20ಕ್ಕೆ ಸೋಲು. ಒಂದೇ ಒಂದು ಪಾಯಿಂಟು! ಅವತ್ತೇ ನನ್ನ ಫ್ಯಾಂಟಸಿ ತಂಡವೂ ಮಲಗಿತು. ಈಗ 5 ಗೆಲುವು, 6 ಸೋಲು. 12 ತಂಡಗಳಲ್ಲಿ ಎಂಟನೇ ಜಾಗ. ಪ್ಲೇಆಫ್‌ಗೆ ಹೋಗುವುದು ಆರು ತಂಡ.

ಇದನ್ನು ಓದುವ ಚಿಕ್ಕಮ್ಮ ಕಳೆದ ಸಲ "ಅದೇನೋ ನಿಂದು ಫ್ಯಾಂಟಸಿ?" ಅಂತ ಕೇಳಿದ್ದರು. ಡ್ರೀಮ್ ಇಲೆವೆನ್ ಥರ ಚಿಕ್ಕಮ್ಮ, ಆದರೆ ಪ್ರತಿ ಮ್ಯಾಚಿಗೂ ಹೊಸ ತಂಡ ಕಟ್ಟುವ ಹಾಗಿಲ್ಲ. ಸೀಸನ್ ಶುರುವಾಗುವ ಮುಂಚೆ ಸರದಿ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳಬೇಕು. ಒಬ್ಬ ಆಟಗಾರ ಒಬ್ಬರ ಹತ್ತಿರ ಮಾತ್ರ. ಅವನು ನಿಜವಾದ ಮ್ಯಾಚಿನಲ್ಲಿ ಬಾಲ್ ಹಿಡಿದರೆ ನನಗೆ ಒಂದು ಪಾಯಿಂಟ್, ಹತ್ತು ಯಾರ್ಡಿಗೆ ಇನ್ನೊಂದು, ಟಚ್‌ಡೌನ್‌ಗೆ, ಅಂದರೆ ಬಾಲನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ, ಆರು. ಇನ್ನೊಬ್ಬರ ಆಟಗಾರ ಬೇಕಾದರೆ ನಮ್ಮವನನ್ನು ಕೊಟ್ಟು ತಗೋಬೇಕು. ಆ ಕೊಡು-ಕೊಳ್ಳುವಿಕೆಗೆ ನಾಳೆ ಮಧ್ಯಾಹ್ನ 12ಕ್ಕೆ ಗಡುವು.

ನನ್ನ ಸರದಿ ಮೊದಲನೆಯದು ಬಂದಿತ್ತು. ಕಣ್ಣು ಮುಚ್ಚಿಕೊಂಡು ಜಸ್ಟಿನ್ ಜೆಫರ್ಸನ್‌ನ ತಗೊಂಡೆ. 2022ರಲ್ಲಿ 128 ಕ್ಯಾಚ್, 1,809 ಯಾರ್ಡ್ ಮಾಡಿದವನು, ಮೇಲಾಗಿ ನಮ್ಮೂರ ತಂಡದವನು, ಬಿಡ್ತೀನಾ? ಐದು ಮ್ಯಾಚಿನಲ್ಲಿ 571 ಯಾರ್ಡ್ ಕೊಟ್ಟ. ಐದನೆಯದರಲ್ಲೇ, ಅಕ್ಟೋಬರ್ 8ರಂದು, ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಿಡಿದುಕೊಂಡಿತು. ಅಲ್ಲಿಂದ ಆರು ವಾರ ಗಾಯಾಳುಗಳಿಗಿರುವ ಐಆರ್ ಜಾಗದಲ್ಲಿ ಮಲಗಿಸಿಕೊಂಡು ಕಾದಿದ್ದೇನೆ. ಎರಡನೇ ಸುತ್ತಿನಲ್ಲಿ ತಗೊಂಡ ಟೀ ಹಿಗಿನ್ಸ್‌ಗೂ ಹ್ಯಾಮ್‌ಸ್ಟ್ರಿಂಗೇ. ಸಾಲದ್ದಕ್ಕೆ ಅವನಿಗೆ ಬಾಲ್ ಎಸೆಯುವ ಬರೋ ಕಳೆದ ಗುರುವಾರ ಮಣಿಕಟ್ಟು ಹಾಳುಮಾಡಿಕೊಂಡು ಇಡೀ ಸೀಸನ್ನಿಗೇ ಔಟ್. ನನ್ನದು ತಂಡ ಅಲ್ಲ, ಜನರಲ್ ವಾರ್ಡು.

ಭಾವನದು 9 ಗೆಲುವು, 2 ಸೋಲು. ಕುಶಲ ಕೂಡ ಕೇಳಲಿಲ್ಲ.

"ಜೆಫರ್ಸನ್‌ನ ನನಗೆ ಕೊಡಪ್ಪಾ. ಕೀನನ್ ಆಲನ್‌ನ ತಗೋ."

"ಅವನಿಗೆ 31 ವರ್ಷ ಭಾವ."

"ಅವನಿಗೇನು ಹೆಣ್ಣು ಕೊಡ್ತೀಯಾ? ಮೂರು ವಾರ ಆಡಿದರೆ ಸಾಕಲ್ವಾ?"

ನಗು ಬಂತು. ಆದರೆ ಮಾತು ಸರಿಯಾಗೇ ಇತ್ತು. ಹೋದ ವಾರದ ಹಿಂದಿನ ವಾರ ಡೆಟ್ರಾಯಿಟ್ ಮೇಲೆ ಆಲನ್ 175 ಯಾರ್ಡ್, ಎರಡು ಟಚ್‌ಡೌನ್. ಒಂದೇ ಮ್ಯಾಚಿನಲ್ಲಿ 40 ಪಾಯಿಂಟ್ ದಾಟಿಸಿದ್ದ. ಅವನ ತಂಡದ ರಜೆಯ ವಾರವೂ ಐದನೇ ವಾರದಲ್ಲೇ ಮುಗಿದಿದೆ. ಇನ್ನು ಪ್ರತಿ ವಾರ ಆಡುತ್ತಾನೆ. ನನ್ನ ಜೆಫರ್ಸನ್? ಸೋಮವಾರ ಶಿಕಾಗೋ ಮೇಲೆ ಬರುತ್ತಾನಾ ಇಲ್ಲವಾ ಯಾರೂ ಹೇಳುತ್ತಿಲ್ಲ. ಅವನನ್ನು ಪಟ್ಟಿಗೆ ವಾಪಸ್ ಸೇರಿಸಲು ತಂಡಕ್ಕಿರುವ 21 ದಿನದ ಗಡುವು 29ಕ್ಕೆ ಮುಗಿಯುತ್ತೆ. ಅಂದರೆ ಸೋಮವಾರ ಆಡಿಸಲೇಬೇಕು ಅಂತೇನೂ ಇಲ್ಲ. ಹದಿಮೂರನೇ ವಾರ ವೈಕಿಂಗ್ಸ್‌ಗೆ ರಜೆ. ನನ್ನ ಕ್ವಾರ್ಟರ್‌ಬ್ಯಾಕ್, ಅಂದರೆ ಬಾಲ್ ಎಸೆಯುವ ಲಮಾರ್ ಜಾಕ್ಸನ್‌ಗೂ ಅದೇ ವಾರ ರಜೆ! ನನಗೆ ಉಳಿದಿರುವುದೇ ಮೂರು ವಾರ. ಮೂರನ್ನೂ ಗೆಲ್ಲಬೇಕು. ಅದರಲ್ಲಿ ಜೆಫರ್ಸನ್ ಒಂದು ವಾರ ಆಡಿದರೆ ಪುಣ್ಯ.

ಭಾವನಿಗೆ ಅವಸರವಿಲ್ಲ. ಅವರು ಆಗಲೇ ಪ್ಲೇಆಫ್ ಸೇರಿದ ಹಾಗೆ. ಹುಲ್ಲಿನಲ್ಲಿ ಮಾವಿನಕಾಯಿ ಹಣ್ಣಿಗೆ ಹಾಕಿದಂತೆ ಅವನನ್ನು ಬೆಂಚಿನಲ್ಲಿ ಇಟ್ಟು, ಪ್ಲೇಆಫ್ ಶುರುವಾಗುವ ಹದಿನೈದನೇ ವಾರ ತೆಗೆಯಬಹುದು. ಹದಿನಾರು, ಹದಿನೇಳನೇ ವಾರ ವೈಕಿಂಗ್ಸ್ ಆಡುವುದು ಇಲ್ಲೇ, ಸೂರಿನ ಕೆಳಗೆ. ಹಿಮವಿಲ್ಲ, ಗಾಳಿಯಿಲ್ಲ. ಭಾವ ಅದನ್ನೂ ನೋಡಿಟ್ಟಿದ್ದಾರೆ, ನನಗೆ ಗೊತ್ತು.

"ಆಲನ್ ಒಬ್ಬನೇ ಆಗಲ್ಲ ಭಾವ. ಕೈರನ್ ವಿಲಿಯಮ್ಸ್‌ನೂ ಕೊಡಿ."

"ಯಾರು, ನಮ್ಮ ಕಿರಣನ್ನಾ?" ಭಾವ ಮೊದಲಿನಿಂದಲೂ ಅವನನ್ನು ಕಿರಣ ಅಂತಲೇ ಕರೆಯುವುದು. "ಕಿರಣನ್ನ ಕೊಡಲ್ಲ."

"ಅವನೂ ಐಆರ್‌ನಲ್ಲೇ ಇದ್ದಾನಲ್ಲ?"

"ಭಾನುವಾರ ಬರ್ತಾನೆ. ಅರಿಜೋನಾ ಮೇಲೆ." ಅಕ್ಟೋಬರ್‌ನಲ್ಲಿ ಅದೇ ಅರಿಜೋನಾ ಮೇಲೆ 158 ಯಾರ್ಡ್ ಓಡಿ ಅದೇ ಮ್ಯಾಚಿನಲ್ಲಿ ಪಾದದ ಗಿಣ್ಣು ಉಳುಕಿಸಿಕೊಂಡವನು. "ಬೇಕಾದರೆ ಜೇಲನ್ ವಾರನ್‌ನ ತಗೋ. ಮೊನ್ನೆ ತಾನೇ 129 ಓಡಿದ್ದಾನೆ. ಆಮೇಲೆ ನೋಡು, ನಿನ್ನ ಜೆಫರ್ಸನ್‌ಗೆ ಬಾಲ್ ಎಸೆಯೋರು ಯಾರು? ಕಸಿನ್ಸ್ ಕಾಲು ಮುರಿದ ಹಾಗೆ ಮಲಗಿದ್ದಾನೆ. ಡಾಬ್ಸ್ ಬಂದು ಮೂರು ವಾರ ಆಯ್ತು ಅಷ್ಟೆ."

"ಅಷ್ಟು ದಂಡದ ಆಟಗಾರ ನಿಮಗ್ಯಾಕೆ ಬೇಕು ಮತ್ತೆ?"

ಭಾವ ಒಂದು ಕ್ಷಣ ಸುಮ್ಮನಾದರು. ಹಿಂದಿನಿಂದ ಅಕ್ಕನ ದನಿ: "ಇಬ್ಬರೂ ಸೇರಿಕೊಂಡು ಯಾರನ್ನ ಮಾರ್ತಿದ್ದೀರಾ? ಅನ್ನ ಆರಿಹೋಗ್ತಿದೆ."

ಆಗ ನನಗೆ ತಾತನ ನೆನಪಾಯಿತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಒಂದೇ ಸಲ ನನ್ನನ್ನು ಕರೆದುಕೊಂಡು ಹೋಗಿದ್ದರು. ಎರಡು ಹಳ್ಳಿಕಾರ್ ಎತ್ತು ಮಾರುವುದಿತ್ತು. ದಲ್ಲಾಳಿ ಬಂದು ತಾತನ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದ. ಬಾಯಲ್ಲಿ ಒಂದು ಮಾತಿಲ್ಲ. ಬೆಲೆಯೆಲ್ಲ ಬೆರಳಲ್ಲೇ. ತಾತ ಮುಖ ಸಿಂಡರಿಸುವುದು, ಕೈ ಎಳೆದುಕೊಳ್ಳುವುದು, ಮತ್ತೆ ಕೊಡುವುದು. ನಾನು ಟವೆಲ್ ಎತ್ತಿ ನೋಡೋಕೆ ಹೋಗಿ ಬೈಸಿಕೊಂಡೆ. ಸಂಜೆ ತಾತ ಎತ್ತುಗಳನ್ನು ಕೊಟ್ಟೇಬಿಟ್ಟರು. ಬೆಲೆ ಕಮ್ಮಿಯಾಯಿತು ಅಂತ ಮನೆಗೆ ಬಂದ ಮೇಲೆ ಅಜ್ಜಿ ಗೊಣಗಿದ್ದೇ ಗೊಣಗಿದ್ದು. ಮೇವಿರಲಿಲ್ಲ ಆ ವರ್ಷ. ಕೊಂಡವನಿಗೆ ಅದು ಗೊತ್ತಿತ್ತು ಅಂತ ಈಗ ಅನಿಸುತ್ತೆ.

ನಮ್ಮ ಲೀಗಿನಲ್ಲಿ ಟವೆಲ್ ಇಲ್ಲ. ನಾನು ಎಂಟನೇ ಜಾಗದಲ್ಲಿರುವುದು ಎಲ್ಲರಿಗೂ ಕಾಣುತ್ತೆ. ಯಾರಿಗೆ ಯಾರನ್ನು ಕೊಟ್ಟೆ ಅನ್ನುವುದೂ ಕಾಣುತ್ತೆ. ಭಾವ-ಭಾಮೈದ ಒಳಗೊಳಗೇ ಮಾಡಿಕೊಂಡರು ಅಂತ ಗ್ರೂಪಿನಲ್ಲಿ ಶುರುವಾಗುತ್ತೆ, ನೋಡ್ತಾ ಇರಿ. ಹೋದ ವರ್ಷ ಆ ಗಲಾಟೆಯಲ್ಲೇ ಒಬ್ಬರು ಗ್ರೂಪ್ ಬಿಟ್ಟುಹೋದರು. ಅವರ ಗೃಹಪ್ರವೇಶಕ್ಕೆ ನಾವ್ಯಾರೂ ಹೋಗಲಿಲ್ಲ. ಅದು ಬಿಡಿ.

ಆರು ವಾರ ಕಾದವನು ಇನ್ನೊಂದು ವಾರ ಕಾಯಬಾರದಾ ಅಂತ ಮನಸ್ಸು ಹೇಳುತ್ತೆ. ಆದರೆ ಕಾದಿದ್ದಕ್ಕೆ ಯಾರೂ ಪಾಯಿಂಟ್ ಕೊಡಲ್ಲ. ಹದಿನಾಲ್ಕನೇ ವಾರ ನಾನು ಹೊರಗೆ ಬಿದ್ದರೆ, ಹದಿನಾರನೇ ವಾರ ಜೆಫರ್ಸನ್ 200 ಯಾರ್ಡ್ ಮಾಡಿದರೂ ಅದು ನನ್ನ ಪಾಲಿಗೆ ಬರೀ ಟಿವಿ ಕಾರ್ಯಕ್ರಮ. ಕಿರಣ ಸಿಕ್ಕಿದರೆ ಲೆಕ್ಕ ಬೇರೆ. ಅವನ ಪ್ಲೇಆಫ್ ವಾರಗಳು ವಾಷಿಂಗ್ಟನ್, ನ್ಯೂ ಓರ್ಲಿಯನ್ಸ್, ನ್ಯೂಯಾರ್ಕ್ ಜೈಂಟ್ಸ್. ವಾಷಿಂಗ್ಟನ್ನಿನವರು ಅಕ್ಟೋಬರ್ 31ಕ್ಕೆ ತಮ್ಮ ಡಿಫೆನ್ಸಿನ ಸ್ವೆಟ್‌ನನ್ನೂ ಯಂಗ್‌ನನ್ನೂ ಒಟ್ಟಿಗೇ ಸಾಗಹಾಕಿದ್ದಾರೆ. ಅಲ್ಲಿ ಯಾರು ಬೇಕಾದರೂ ಓಡಬಹುದು. ಅದಕ್ಕೇ ಭಾವ ಕಿರಣನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿರುವುದು. ಹಿಗಿನ್ಸ್‌ನ ಜೊತೆಗೆ ಸೇರಿಸಿ ಕೊಟ್ಟರೆ ಬಿಡಬಹುದೇನೋ. ಇಬ್ಬರು ಕುಂಟರಿಗೆ ಒಬ್ಬ ಓಡುವವನು, ಒಬ್ಬ ಹಿಡಿಯುವವನು. ಕೇಳಿ ನೋಡಿದೆ. "ರಾತ್ರಿ ಯೋಚನೆ ಮಾಡಿ ಕಳಿಸ್ತೀನಿ" ಅಂದು ಫೋನ್ ಇಟ್ಟರು.

ತಿರುಗಿ ನೋಡಿದರೆ ಪುಟ್ಟ ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಅದೇ ನೇರಳೆ ಬಣ್ಣದ 18ನೇ ನಂಬರಿನ ಜೆರ್ಸಿ. ಒಗೆಯಲು ಕೊಡಲ್ಲ ಅಂತ ಅವನಮ್ಮನ ಹತ್ತಿರ ದಿನಾ ಜಗಳ. ಹಲ್ಲುಜ್ಜಿ ಬಂದರೂ ಜೆಫರ್ಸನ್ ಥರ ಗ್ರಿಡಿ ಕುಣಿಯುವವನು ಇವತ್ತು ಕುಣಿಯಲಿಲ್ಲ.

"ಜೆಫರ್ಸನ್‌ನ ಡಲ್ಲಾಸ್ ಮಾವನಿಗೆ ಕೊಡ್ತೀಯಾ?"

"ಆಟದಲ್ಲಿ ಅಷ್ಟೆ ಪುಟ್ಟ. ಅವನು ವೈಕಿಂಗ್ಸ್‌ನಲ್ಲೇ ಇರ್ತಾನೆ."

ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಹಾಗಾದ್ರೆ ಅವನು ಟಚ್‌ಡೌನ್ ಹೊಡೆದ್ರೆ ನಾವು ಕೂಗಬೇಕಾ, ಬೇಡ್ವಾ?"

ಕೂಗೋಣ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಹನ್ನೊಂದು ಗಂಟೆ. ಹೊರಗೆ ಒಂದೆರಡು ಹಳುಕು ಹಿಮ ಬೀಳುತ್ತಿದೆ. ಗುರುವಾರಕ್ಕೆ ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ, ನಾವು ವಾಂಗಿಬಾತ್ ಮಾಡಿಕೊಂಡು ಹೋಗುವುದು ಅಂತಾಗಿದೆ. ಬದನೆಕಾಯಿ ತರಬೇಕು. ಈಗಷ್ಟೇ ಫೋನ್ ಟಿಣ್ ಅಂತು. ಭಾವ ಆಫರ್ ಕಳಿಸಿದ್ದಾರೆ. ಕಿರಣ ಇದ್ದಾನೆ! ಆದರೆ ಆಲನ್ ಇಲ್ಲ. ಅವನ ಜಾಗಕ್ಕೆ ವಾರನ್. ಹಿಗಿನ್ಸ್‌ನ ಮಾತ್ರ ಮರೆಯದೆ ಕೇಳಿದ್ದಾರೆ. ಹಸಿರು ಬಟನ್ ಕೆಳಗೆ ಜೆಫರ್ಸನ್ ಫೋಟೋ, ಹೆಲ್ಮೆಟ್ ಇಲ್ಲದೆ ನಗುತ್ತಾ ಇದ್ದಾನೆ. ಭಾವನಿಗೆ ಈಗಲೇ ಫೋನ್ ಮಾಡೋಣ ಅಂದರೆ ಅಕ್ಕ ಎತ್ತಿಬಿಟ್ಟರೆ